ದುಂಡು ಮುಖವನ್ನು ನಂಬದ ಎರ್ರಿಸ್ವಾಮಿ

ಬೆಳಗಿನ ಆರು ಗಂಟೆ. ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿಗೆ ಚಿತ್ರದುರ್ಗದ ಈ ರಕ್ತನಿಧಿಯ ಕಿಟಕಿ ಸಣ್ಣಗೆ ಬಡಿದುಕೊಳ್ಳುತ್ತಿದೆ. ಎರ್ರಿಸ್ವಾಮಿ ಬೆಚ್ಚನೆಯ ನೀರಿನ ತೊಟ್ಟಿಯಿಂದ ಗಾಜಿನ ನಳಿಕೆಯೊಂದನ್ನು ಎತ್ತಿ, ಒರೆಸಿ, ಬೆಳಕಿಗೆ ಹಿಡಿದು ಮೆಲ್ಲನೆ ವಾಲಿಸುತ್ತಾರೆ. ತಳದ ಕೆಂಪು ಹೊಗೆಯಂತೆ ಹರಡಿದರೆ ದಾನಿಯ ರಕ್ತ ರೋಗಿಗೆ ಹೊಂದುತ್ತದೆ; ಗಂಟು ಕಟ್ಟಿದರೆ ಹೊಂದುವುದಿಲ್ಲ. ದಿನಕ್ಕೆ ಇಂಥ ಮೂವತ್ತು, ನಲವತ್ತು ನಳಿಕೆಗಳು.

ಹಿರಿಯೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರ ಮಗ ಇವರು. 1988ರಲ್ಲಿ ಶೀಸೆ ತೊಳೆಯಲು ಸೇರಿ, ಹಿರಿಯರ ಹೆಗಲ ಮೇಲಿಂದ ಇಣುಕಿ ಕೆಲಸ ಕಲಿತು, ತಡವಾಗಿ ಪರೀಕ್ಷೆ ಕಟ್ಟಿ ತಂತ್ರಜ್ಞರಾದರು. ರೋಗಿಗಳಿಗೆ ಇವರ ಹೆಸರು ಗೊತ್ತಿರುವುದಿಲ್ಲ. ರಕ್ತದ ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ಮೊಟಕು ರುಜುವೊಂದು ಇರುತ್ತದೆ, ಅಷ್ಟೆ.

ಆ ರುಜು ಹಾಕಲು ಇವರ ಕೈ ಹಿಂಜರಿದದ್ದು ಕಳೆದ ವರ್ಷ, 2003ರ ಬೇಸಿಗೆಯಲ್ಲಿ. ಹೊರಕೆರೆದೇವಪುರದ ಬಿಂದು ಎಂಬ ಇಪ್ಪತ್ತಾರರ ಗೃಹಿಣಿಯನ್ನು ಗಂಡ ಹಾಲೇಶ್ ಹೊತ್ತು ತಂದಿದ್ದರು. ಕಣ್ಣು ಹಳದಿ, ಹಿಮೋಗ್ಲೋಬಿನ್ ಮೂರೂವರೆ. ರಕ್ತ ಕೊಡದಿದ್ದರೆ ಹೃದಯ ತಡೆಯುವಂತಿರಲಿಲ್ಲ. ಎರ್ರಿಸ್ವಾಮಿ ಅದೇ ಗುಂಪಿನ ಹದಿನಾಲ್ಕು ಚೀಲಗಳನ್ನು ಪರೀಕ್ಷಿಸಿದರು. ಬಿಂದುವಿನ ಅಣ್ಣ ಕೊಟ್ಟದ್ದೂ ಸೇರಿ ಹದಿನಾಲ್ಕೂ ಗಂಟು ಕಟ್ಟಿದವು.

“ಏನ್ರಿ ಇದು, ಒಡಹುಟ್ಟಿದ ಅಣ್ಣನ ರಕ್ತಾನೂ ಒಲ್ಲೆ ಅಂತೈತಾ? ಮನ್ಯಾಗೆ ನನ್ ಜೊತೆ ಜಗಳ ಆಡಿದ್ದು ಸಾಲದಾ?” ಎಂದರಂತೆ ಹಾಲೇಶ್, ಅಳುವನ್ನು ತಡೆದುಕೊಂಡು.

“ಲೇ ಹಾಲೇಶ, ಅವಳ ರಕ್ತ ತನ್ನ ಜೊತೆಗೇ ಜಗಳಕ್ಕೆ ಬಿದ್ದೈತೆ ಕಣಪ್ಪ,” ಎಂದರು ಎರ್ರಿಸ್ವಾಮಿ.

ರೋಗದ ಸ್ವರೂಪವೂ ಅದೇ. ಮೈಯನ್ನು ಕಾಯಬೇಕಾದ ಶಕ್ತಿಯೇ ತನ್ನ ಕೆಂಪು ಕಣಗಳನ್ನು ಪರಕೀಯವೆಂದು ಬಗೆದು ಒಡೆಯುತ್ತದೆ. ಹೊರಗಿನಿಂದ ಬಂದ ಕಣಗಳಿಗೂ ಅದೇ ಗತಿ. ಇದ್ದುದರಲ್ಲಿ ಕಡಿಮೆ ಗಂಟು ಕಟ್ಟುವ ಚೀಲವನ್ನು ಆರಿಸಿಕೊಡಿ ಎಂದು ವೈದ್ಯರು ಹೇಳಿಕಳುಹಿಸಿದರು. ಎರ್ರಿಸ್ವಾಮಿ ಹದಿನಾಲ್ಕನ್ನೂ ಮತ್ತೊಮ್ಮೆ ಮಾಡಿ, ಒಂಬತ್ತನೆಯದಕ್ಕೆ ರುಜು ಹಾಕಿದರು. “ಹೊಂದೋದು ಇರ್ಲಿಲ್ಲ. ಕಮ್ಮಿ ಮುನಿಸ್ಕಂಡಿದ್ದು ಒಂದಿತ್ತು,” ಎನ್ನುತ್ತಾರೆ. ಚೀಲ ಕಳುಹಿಸಿದ ಮೇಲೆ ತಾವೂ ಹೋಗಿ ಹಾಸಿಗೆಯ ಬಳಿ ಅರ್ಧ ಗಂಟೆ ಹನಿ ಎಣಿಸುತ್ತ ನಿಂತರು. ಅದು ಅವರ ಕೆಲಸವಾಗಿರಲಿಲ್ಲ.

ರಕ್ತ ಜೀವ ಹಿಡಿದು ನಿಲ್ಲಿಸಿತು. ಒಳಗಿನ ಜಗಳವನ್ನು ತಣಿಸಿದ್ದು ಸ್ಟೀರಾಯ್ಡ್ ಎಂಬ ಹಾರ್ಮೋನು ಜಾತಿಯ ಮಾತ್ರೆ. ಮೂರು ವಾರಕ್ಕೆ ಹಿಮೋಗ್ಲೋಬಿನ್ ಒಂಬತ್ತಾಯಿತು. ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕು, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು, ಪ್ರತಿ ಗುರುವಾರ ರಕ್ತ ತೋರಿಸಬೇಕು ಎಂದು ಕಟ್ಟಪ್ಪಣೆಯಾಯಿತು.

ಒಂಬತ್ತನೆಯ ಗುರುವಾರ ಬಿಂದು ಬರಲಿಲ್ಲ. ಹತ್ತನೆಯದಕ್ಕೂ ಇಲ್ಲ. ಭಾನುವಾರದ ರಜೆಯಲ್ಲಿ ಎರ್ರಿಸ್ವಾಮಿ ಹೊರಕೆರೆದೇವಪುರದ ಬಸ್ಸು ಹತ್ತಿದರು. ಊರು ತಲುಪಿದಾಗ ಬಿಂದುವಿನ ಅತ್ತೆ ಪಾರ್ವತಮ್ಮ ಸಂಭ್ರಮದಿಂದಲೇ ಎದುರುಗೊಂಡರು.

“ಬರ್ರಿ, ಕುಂತ್ಕಳ್ರಿ. ನಮ್ ಸೊಸೆ ಮುಖ ನೋಡ್ರಿ, ಹೆಂಗೆ ಗುಂಡಗೆ ತುಂಬ್ಕಂಡೈತೆ! ಇನ್ಯಾಕೆ ಗುಳಿಗೆ ಅಂತ ನಾನೇ ನಿಲ್ಲಿಸ್ದೆ.”

ಎರ್ರಿಸ್ವಾಮಿ ಕೂರಲಿಲ್ಲ. ಬಿಂದುವಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದರು. ಒಳಗೆ ಸುಣ್ಣದ ಬಿಳುಪು. “ಅಮ್ಮ, ಮುಖ ಊದ್ಸಿದ್ದು ಗುಳಿಗೆ. ರಕ್ತ ನೋಡ್ಬೇಕಾದ್ದು ಇಲ್ಲಿ, ರೆಪ್ಪೆ ಒಳಗೆ. ಏಳ್ರಿ, ದುರ್ಗಕ್ಕೆ ಹೋಗಾಣ.” ಬಂದ ಬಸ್ಸು ತಿರುಗಿ ಹೊರಡುವಾಗ ಹಾಲೇಶ್ ಸೇರಿ ನಾಲ್ವರೂ ಅದರಲ್ಲಿದ್ದರು. ಮತ್ತೆ ಹನ್ನೊಂದು ಚೀಲಗಳ ಪರೀಕ್ಷೆ, ಮತ್ತೆ ಮೊದಲಿನಿಂದ ಮಾತ್ರೆ.

ಇವತ್ತೂ ಗುರುವಾರ. ಒಂಬತ್ತರ ಹೊತ್ತಿಗೆ ಅತ್ತೆ, ಸೊಸೆ ಇಬ್ಬರೂ ಬರುತ್ತಾರೆ. ಮಾತ್ರೆ ಈಗ ದಿನಕ್ಕೆ ಅರ್ಧಕ್ಕೆ ಇಳಿದಿದೆ, ಹಿಮೋಗ್ಲೋಬಿನ್ ಹನ್ನೊಂದೂವರೆ. ದಿನವೂ ಬೆಳಗ್ಗೆ ಸೊಸೆಯ ರೆಪ್ಪೆ ಎಳೆದು ನೋಡುವ ಪಾರ್ವತಮ್ಮನಿಗೆ ಬೇರೆಯೇ ಕೊರಗು.

“ಮುಖ ಇಳಿದೋಗೈತೆ ನೋಡ್ರಿ. ಸೊಸೆಗೆ ಊಟ ಹಾಕಲ್ವೇನೇ ಅಂತ ಊರೋರೆಲ್ಲ ನನ್ನ ಆಡ್ಕಂತಾರೆ.”

ಎರ್ರಿಸ್ವಾಮಿ ಬಿಂದುವಿನ ನಳಿಕೆಯ ಮೇಲೆ ಹೆಸರು ಬರೆಯುತ್ತಲೇ ಉತ್ತರಿಸುತ್ತಾರೆ: “ಆಡ್ಕಳ್ಳಿ ಬಿಡ್ರಿ. ಇಡೀ ಜಿಲ್ಲೆಯಾಗೆ ಒಬ್ರು ಸೊರಗಿದ್ದು ನೋಡಿ ಖುಷಿ ಪಡೋನು ನಾನೊಬ್ನೇ.”