ಅಜ್ಜಿಯ ಸಮುದ್ರಸ್ನಾನ

ಕೊಬ್ಬರಿಎಣ್ಣೆಯ ಮೇಲೆ ಸನ್‌ಸ್ಕ್ರೀನು ಹಚ್ಚಿದರೆ ಒಂದು ವಾಸನೆ ಬರುತ್ತದೆ. ಅದನ್ನು ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ಕಳೆದ ಭಾನುವಾರ ಮಾರ್ಗನ್ ಹಿಲ್ಲಿನ ನಮ್ಮ ಮನೆಯಲ್ಲಿ ಮಗಳನ್ನು ಈಜಿನ ಕ್ಲಾಸಿಗೆ ಹೊರಡಿಸುತ್ತಿದ್ದೆ. ಕ್ಲೋರಿನ್ನಿಗೆ ಕೂದಲು ಹಾಳಾಗುತ್ತದೆಂದು ತಲೆಗೆ ಎಣ್ಣೆ ಸವರಿದ್ದೆ, ಅದೇ ಕೈಯಲ್ಲಿ ಅವಳ ಕೆನ್ನೆಗೆ ಸನ್‌ಸ್ಕ್ರೀನು ಬಳಿದೆ. ಅಷ್ಟೇ ನೋಡಿ, ಕೈ ಅಲ್ಲೇ ನಿಂತುಬಿಟ್ಟಿತು. ಮಗಳು "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದಳು. ಏನಾಯಿತೆಂದು ಹೇಳಲಿ? ನನ್ನ ಅಜ್ಜಿ ಒದ್ದೆ ಸೀರೆ ಹಿಂಡುತ್ತಾ ಎದುರಿಗೇ ಬಂದು ನಿಂತಿದ್ದಳು. ಅಂಥದೊಂದು ವಾಸನೆ ನಿಮ್ಮ ಪಾಲಿಗೂ ಇದ್ದೀತು. ಹಿಡಿದಿಟ್ಟುಕೊಳ್ಳಲು ಹೋದರೆ ಸಿಗುವುದಿಲ್ಲ, ಸಿಕ್ಕಾಗ ಬಿಡಿಸಿಕೊಳ್ಳಲು ಆಗುವುದಿಲ್ಲ.

ನಾನು ಬೆಳೆದದ್ದು ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನ ಒಂದು ಅಂತಸ್ತಿನ ಮನೆಯಲ್ಲಿ. ಗಾಳಿ ಕೊಲ್ಲಿಯ ಕಡೆಯಿಂದ ತಿರುಗಿದರೆ ಉಪ್ಪಿನ ಮಡಿಗಳ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಅಪ್ಪನ ಆಫೀಸು ಬ್ರಿಡ್ಜಿನ ಆಚೆ ಸ್ಯಾನ್ ಮಟಿಯೋದಲ್ಲಿ, ಅಮ್ಮನದು ಫ್ರೀಮಾಂಟಿನ ಒಂದು ಫಾರ್ಮಸಿ. ಹಾಗಾಗಿ ಹಗಲಿಡೀ ಆ ಮನೆ ನನ್ನದು ಮತ್ತು ಅಜ್ಜಿಯದು. ಅಪ್ಪನ ಅಮ್ಮ ಅವಳು, ಧಾರವಾಡದವಳು. ನಾನು ಆರು ತಿಂಗಳ ಕೂಸಾಗಿದ್ದಾಗ ನೋಡಿಕೊಳ್ಳಲು ಬಂದವಳು ಅಲ್ಲೇ ಉಳಿದಳು. ನನಗೆ ಹತ್ತು ತುಂಬಿದರೂ ಅವಳ ಬಾಯಲ್ಲಿ ಕೂಸೇ. ಯುಗಾದಿಯ ಮುಂಚೆ ಯಾರದೋ ಸೂಟ್‌ಕೇಸಿನಲ್ಲಿ ಧಾರವಾಡದಿಂದ ಅವಳಿಗೊಂದು ಪಂಚಾಂಗ ಬರುತ್ತಿತ್ತು. ಅದೇ ನನ್ನ ಕನ್ನಡದ ಮೊದಲ ಪಾಠಪುಸ್ತಕ. ಬೇರೆ ಮಕ್ಕಳು ಅ ಆ ಕಲಿತರೆ ನಾನು ಪಾಡ್ಯ, ಬಿದಿಗಿ, ತದಿಗಿ ಎಂದು ಓದಲು ಕಲಿತೆ. ಪುಟದ ಅಂಚಿನ ಖಾಲಿ ಜಾಗದಲ್ಲಿ ಅಜ್ಜಿ ಪೆನ್ಸಿಲಿನಿಂದ ಏನೇನೋ ಬರೆಯುತ್ತಿದ್ದಳು: ನನಗೆ ಜ್ವರ ಬಂದದ್ದು, ಲಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದ್ದು, ಧಾರವಾಡದಿಂದ ಯಾರ ಫೋನು ಬಂತು ಎಂಬುದು. ಅವಳ ಕೈಗಡಿಯಾರ ಮಾತ್ರ ಎಂದೂ ಅಮೆರಿಕದ ಸಮಯ ತೋರಿಸಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಕೀಲಿ ಕೊಡುತ್ತಿದ್ದಳು, ಅದು ಊರಿನ ಟೈಮಿನಲ್ಲೇ ಓಡುತ್ತಿತ್ತು. "ಊಟಕ್ಕ ನಿಮ್ಮ ಮೈಕ್ರೋವೇವಿನ ಟೈಮ್ ಸಾಕು. ತಿಥಿಗೆ ನನ್ನ ಗಡಿಯಾರನ ಬೇಕು" ಎನ್ನುತ್ತಿದ್ದಳು. ಪಂಚಾಂಗದ ಹೊತ್ತೂ ಧಾರವಾಡದ್ದು, ಗಡಿಯಾರದ ಹೊತ್ತೂ ಧಾರವಾಡದ್ದು. ಜಗತ್ತಿನ ಯಾವ ಮೂಲೆಯಲ್ಲಿ ಕೂತರೂ ಲೆಕ್ಕ ತಪ್ಪುತ್ತಿರಲಿಲ್ಲ. ಎಂಜಿನಿಯರ್ ಅಪ್ಪನಿಗೆ ಇದು ತಮಾಷೆ. ಅವನು ಎಷ್ಟು ಛೇಡಿಸಿದರೂ ಅವಳು ಕ್ಯಾರೇ ಅನ್ನುತ್ತಿರಲಿಲ್ಲ.

ಸಮುದ್ರದ ವಿಷಯದಲ್ಲಿ ಅಜ್ಜಿಗೆ ಒಂದು ನೇಮವಿತ್ತು. ಸಮುದ್ರವನ್ನು ಯಾವಾಗ ಬೇಕಾದರೂ ನೋಡಬಹುದು, ಕೈಮುಗಿಯಬಹುದು. ಮುಟ್ಟುವುದು ಮಾತ್ರ ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದ ದಿನ. ಉಳಿದ ದಿನ ಮುಟ್ಟಬಾರದು. ನಾವು ಬೀಚಿಗೆ ಹೋಗುತ್ತಿದ್ದದ್ದು ಶನಿವಾರ, ಭಾನುವಾರ. ಹುಣ್ಣಿಮೆಗಳಿಗೆ ಅಪ್ಪನ ವೀಕೆಂಡಿನ ಪರಿವೆ ಎಲ್ಲಿಂದ ಬರಬೇಕು? ಸಾಂಟಾ ಕ್ರೂಜಿನಲ್ಲಿ ಅವಳು ಮಡಚುವ ಕುರ್ಚಿ ಹಾಕಿಕೊಂಡು ದೂರ ಕೂರುತ್ತಿದ್ದಳು. ತೆರೆಯೊಂದು ಮುಂದೆ ಬಂದರೆ ಸೀರೆಯ ನೆರಿಗೆ ಎತ್ತಿಕೊಂಡು "ಇವತ್ತು ಚೌತಿ! ಇವತ್ತು ಚೌತಿ!" ಎಂದು ಸಮುದ್ರಕ್ಕೇ ಗದರುತ್ತಾ ಹಿಂದೆ ಓಡುತ್ತಿದ್ದಳು. ಒಮ್ಮೆ ಹುಣ್ಣಿಮೆ ಶನಿವಾರವೇ ಬಂತು. ಖುಷಿಯಿಂದ ಹೋಗಿ ಒಂದು ಹೆಬ್ಬೆರಳು ಅದ್ದಿ ತಕ್ಷಣ ಎಳೆದುಕೊಂಡಳು. "ಇದು ಸಮುದ್ರ ಅಲ್ಲ ಕೂಸ, ಫ್ರಿಜ್" ಎಂದಳು.

ನಾವೆಲ್ಲ ನಕ್ಕೆವು. ಆದರೆ ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ. ಧಾರವಾಡದಿಂದ ಗೋಕರ್ಣ ಏನು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಸಮುದ್ರ. ಮುಂದಿನ ಹುಣ್ಣಿಮೆಗೆ ಹೋಗೋಣ ಎಂದು ನನ್ನ ಅಜ್ಜ ಮೂವತ್ತು ವರ್ಷ ಹೇಳಿದನಂತೆ. ಸ್ಕೂಲಿನ ಮೇಷ್ಟ್ರು ಅವನು. ಒಂದು ಹುಣ್ಣಿಮೆಗೆ ಪರೀಕ್ಷೆ, ಇನ್ನೊಂದಕ್ಕೆ ಯಾರದೋ ಮದುವೆ, ಮತ್ತೊಂದಕ್ಕೆ ಅಪ್ಪನಿಗೆ ದಡಾರ. ಒಂದು ಸಲ ಬುತ್ತಿಯನ್ನೂ ಕಟ್ಟಿ ಆಗಿತ್ತು, ಅವತ್ತು ಅಜ್ಜನಿಗೆ ಎದೆನೋವು ಬಂತು. ಆ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ, ಅವನು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. "ಒಂದ ಸಲ ತಲಿ ಮುಳುಗಿಸಿ ಬರಬೇಕು ನೋಡವಾ. ಮೊಣಕಾಲು ಪೂರ್ತಿ ಕೈಬಿಡೂದ್ರೊಳಗ ಆಗಬೇಕು" ಎಂದು ನನಗೆ ಜಡೆ ಹೆಣೆಯುತ್ತಾ ಹೇಳುತ್ತಿದ್ದಳು. ಅವಳು ನನ್ನೆದುರು ಬಾಯಿಬಿಟ್ಟು ಹೇಳಿಕೊಂಡ ಆಸೆ ಅದೊಂದೇ.

ನನಗೆ ಹನ್ನೊಂದಾದಾಗ, ಬೇಸಿಗೆ ರಜೆಯಲ್ಲಿ, ಅಪ್ಪನಿಗೆ ಪೋರ್ಚುಗಲ್ಲಿನಲ್ಲಿ ಆಫೀಸಿನ ಕೆಲಸ ಬಿತ್ತು. ಎಲ್ಲರೂ ಹೋಗೋಣ ಎಂದ. ಅಮ್ಮ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಆ ದೇಶದ ದಕ್ಷಿಣ ತೀರದ ಚಿತ್ರವಿತ್ತು. ಬೆಲ್ಲದ ಬಣ್ಣದ ಕಡಿದಾದ ಬಂಡೆಗೋಡೆ, ಅದರ ಬುಡದಲ್ಲಿ ಚೂರು ಮರಳು, ಮುಂದೆ ಹಸಿರು ನೀರು. ಅಜ್ಜಿ ಚಿತ್ರವನ್ನು ಬಹಳ ಹೊತ್ತು ನೋಡಿ "ನೀರು ಬೆಚ್ಚಗ ಇರತದೇನು?" ಎಂದು ಕೇಳಿದಳು. ನಮ್ಮ ಕಡೆಯಷ್ಟು ತಣ್ಣಗಿರಲ್ಲ ಎಂದಳು ಅಮ್ಮ. ಅಜ್ಜಿ ಪಂಚಾಂಗವನ್ನು ನನ್ನ ಮುಂದೆ ತಳ್ಳಿದಳು. ನಾನು ಬೆರಳಿಟ್ಟು ಜೋರಾಗಿ ಓದಿದೆ: ಶನಿವಾರ, ಆಷಾಢ ಹುಣ್ಣಿಮೆ, ಸಂಜೆ ನಾಲ್ಕು ಐವತ್ತರ ತನಕ. ಅಂದರೆ ಅವಳ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಕಡಿಮೆಯಾಗುವುದರೊಳಗೆ ನೀರಿಗಿಳಿಯಬೇಕು. ಆ ಶನಿವಾರ ಬಂಡೆಗಳ ಬೀಚಿನಲ್ಲೇ ಇರುವಂತೆ ಅಪ್ಪ ಟಿಕೆಟ್ಟು ಮಾಡಿಸಿದ. ಅಜ್ಜಿ ಪಂಚಾಂಗವನ್ನು ಸೀರೆಗಳ ನಡುವೆ ಇಟ್ಟು ಸೂಟ್‌ಕೇಸು ತುಂಬಿದಳು.

ಇನ್ನು ನನ್ನ ಘನಕಾರ್ಯ. ಏರ್‌ಪೋರ್ಟಿನ ತಪಾಸಣೆಯಲ್ಲಿ ಬಿಚ್ಚಿದ ಗಡಿಯಾರವನ್ನು ಅಜ್ಜಿ "ಜೋಪಾನ" ಎಂದು ನನ್ನ ಕೈಗೆ ಕೊಟ್ಟಿದ್ದಳು, ಅದು ನನ್ನ ಜೇಬಿನಲ್ಲೇ ಉಳಿಯಿತು. ಶುಕ್ರವಾರ ರಾತ್ರಿ ಇಳಿಯುವ ಮುಂಚೆ ವಿಮಾನದಲ್ಲಿ ಅಲ್ಲಿಯ ಹೊತ್ತು ಎಷ್ಟೆಂದು ಹೇಳಿದರು. ಅಪ್ಪ ತನ್ನ ಗಡಿಯಾರ ತಿರುಗಿಸಿಕೊಂಡ, ಪಕ್ಕದ ಸಾಲಿನವರೂ ತಿರುಗಿಸಿಕೊಂಡರು. ನಿದ್ದೆಹೋಗಿದ್ದ ಅಜ್ಜಿಗೆ ಒಂದು ಉಪಕಾರ ಮಾಡೋಣವೆಂದು ನಾನೂ ಅವಳ ಗಡಿಯಾರದ ಕೀಲಿ ಎಳೆದು ಮುಳ್ಳು ತಿರುಗಿಸಿದೆ. ದಿನಾ ಅವಳ ಪಕ್ಕದಲ್ಲೇ ಕೂತು ಪಂಚಾಂಗ ಓದುವ ಹುಡುಗಿ! ಊರಿನ ಟೈಮು ಎಂಬ ಮಾತೇ ನನ್ನ ತಲೆಗೆ ಹೊಳೆಯಲಿಲ್ಲ. ಆಮೇಲೆ ಗಡಿಯಾರವನ್ನು ಅವಳ ಕೈಗೆ ಕಟ್ಟಿದೆ. ಮಾಡಿದ್ದನ್ನು ಹೇಳಲು ಮರೆತೆ.

ಶನಿವಾರ ಬೀಚು ಸೇರುವುದರೊಳಗೆ ಮಧ್ಯಾಹ್ನ ಒಂದು ದಾಟಿತ್ತು. ಎರಡು ಸಲ ದಾರಿ ತಪ್ಪಿ, ಪಾರ್ಕಿಂಗಿಗಾಗಿ ಮೂರು ಸುತ್ತು ಹೊಡೆದು, ಕೊನೆಗೆ ಬಂಡೆಯ ನೆತ್ತಿಯ ಮೇಲೆ ನಿಂತೆವು. ಚಿತ್ರದಲ್ಲಿ ಕಂಡದ್ದು ಏನೂ ಅಲ್ಲ. ನಮ್ಮ ಕಾಲ ಕೆಳಗೆ ಹಳದಿ, ಕೆಂಪು ಗೋಡೆ ನೇರವಾಗಿ ಇಳಿದುಹೋಗಿತ್ತು. ನೀರಿನ ನಡುವೆ ಒಂಟಿ ಬಂಡೆಗಳು ಅಲ್ಲಲ್ಲಿ ನಿಂತಿದ್ದವು, ಒಂದಕ್ಕೆ ನಟ್ಟನಡುವೆ ದೊಡ್ಡ ಕಿಂಡಿ, ಅದರೊಳಗಿನಿಂದ ಒಂದು ದೋಣಿ ಹೊರಬಂತು. ಒಣಗಿದ ಗಿಡಗಳ ಬಿಸಿ ವಾಸನೆ, ಕೆಳಗಿನಿಂದ ಮಕ್ಕಳ ಕೂಗು. ಕೆಳಗಿಳಿಯಲು ಮರದ ಮೆಟ್ಟಿಲು, ಇನ್ನೂರಕ್ಕೆ ಕಡಿಮೆಯಿಲ್ಲ. "ಅಮ್ಮಾ, ನಿನ್ನ ಮೊಣಕಾಲಿಗೆ ಆಗಂಗಿಲ್ಲ ಇದು" ಎಂದ ಅಪ್ಪ. ಅಜ್ಜಿ ಆಗಲೇ ಪಕ್ಕದ ಕಟಾಂಜನದ ಕಂಬಿ ಹಿಡಿದು ಮೊದಲ ಮೆಟ್ಟಿಲು ಇಳಿದಾಗಿತ್ತು. ಅಡ್ಡಡ್ಡ ತಿರುಗಿ ಒಂದೊಂದೇ ಕಾಲು ಇಡುತ್ತಾ ಇಳಿದಳು, ನಾನು ಅವಳ ಇನ್ನೊಂದು ಕೈ ಹಿಡಿದಿದ್ದೆ. ನಡುವೆ ಒಂದು ಕಡೆ ನಿಂತು ದಣಿವಾರಿಸಿಕೊಂಡಳು. ಗಡಿಯಾರ ನೋಡಿದಳು, ಹುಬ್ಬಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಹೊತ್ತು ಭಾಳ ಅದ ಅಲ್ಲ, ಅಜ್ಜಿ?" ಎಂದೆ ನಾನು. "ಅದ ಅದ, ಅವಸರ ಇಲ್ಲ" ಎಂದಳು.

ಮರಳಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆ ಕಡೆ ಈ ಕಡೆ ಮೈ ಮಗುಚುತ್ತಾ ಮಲಗಿದ್ದ ಜನರನ್ನು ಕಂಡು ಅಜ್ಜಿ "ಸಂಡಗಿ ಹಾಕಿಧಂಗ ಹಾಕ್ಯಾರಲ್ಲೋ!" ಎಂದಳು. ಅಪ್ಪ ನಕ್ಕು ನಕ್ಕು ಕೆಮ್ಮಿದ. ಸನ್‌ಸ್ಕ್ರೀನಿನ ಟ್ಯೂಬು ಹಿಡಿದು ಅಮ್ಮ ಬೆನ್ನುಹತ್ತಿದಳು. "ಅತ್ತೆ, ಸ್ವಲ್ಪ ಹಚ್ಕೊಳ್ಳಿ, ಇಲ್ದಿದ್ರೆ ಚರ್ಮ ಸುಟ್ಟೋಗತ್ತೆ." "ಧಾರವಾಡದ ಬಿಸಲಾಗ ಸುಡಲಾರದ್ದು ಇಲ್ಲೇನ ಸುಡತದ?" ಎಂದು ಅಜ್ಜಿ ಮುಖ ತಿರುಗಿಸಿದಳು. ಮೈಸೂರಿನ ನನ್ನ ಅಮ್ಮ ಮೆತ್ತಗೆ ಮಾತಾಡುತ್ತಲೇ ಹಟ ಸಾಧಿಸುವವಳು. ಬೆಳಿಗ್ಗೆ ಕೊಬ್ಬರಿಎಣ್ಣೆ ತಿಕ್ಕಿಕೊಂಡಿದ್ದ ಅಜ್ಜಿಯ ಕೆನ್ನೆ, ತೋಳುಗಳ ಮೇಲೆ ಬಿಳಿ ಲೇಪ ಬಿತ್ತು. ಆ ವಾಸನೆ ನನ್ನ ಮೂಗಿಗೆ ಬಿದ್ದದ್ದು ಆಗಲೇ. ಅಜ್ಜಿ ಗಡಿಯಾರ ಬಿಚ್ಚಿ ಮತ್ತೆ ನನ್ನ ಕೈಗೆ ಕೊಟ್ಟಳು. ಅಪ್ಪನ ಹೆಗಲು ಹಿಡಿದು, ಒಂಬತ್ತು ಗಜದ ಸೀರೆಯಲ್ಲಿ, ಸಮುದ್ರಕ್ಕೆ ನಡೆದಳು. ಮಲಗಿದ್ದವರಲ್ಲಿ ಕೆಲವರು ಎದ್ದು ಕೂತು ನೋಡಿದರು.

ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅವಳು ಕೈಮುಗಿದಳು. ಬಾಯಲ್ಲಿ ಏನೋ ಹೇಳಿಕೊಂಡು ಮೂಗು ಹಿಡಿದು ಮುಳುಗಿದಳು. ಎದ್ದಳು, ಮತ್ತೆ ಮುಳುಗಿದಳು. ಮೂರನೆಯ ಸಲ ಎದ್ದಾಗ ಒಂದು ತೆರೆ ಬಂದು ಅವಳನ್ನೂ ಅಪ್ಪನನ್ನೂ ಸೇರಿಸಿ ಕೆಡವಿತು. ನಾನು ನೀರಿನ ಅಂಚಿಗೆ ಓಡಿದೆ. ನೋಡಿದರೆ ಅಜ್ಜಿ ಕೂತಲ್ಲೇ ನಗುತ್ತಿದ್ದಳು, ಸಣ್ಣ ಹುಡುಗಿಯರು ನಗುವ ಹಾಗೆ, ಬಾಯಿ ತುಂಬಾ. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವಳನ್ನು ಅಮ್ಮನಿಗೆ ಒಪ್ಪಿಸಿ ಅಪ್ಪ ದಡಕ್ಕೆ ಬಂದ, ಕೈ ಒರೆಸಿಕೊಂಡು ಫೋನು ತೆಗೆದ. "ಊರಾಗಿನ ಅಕ್ಕಗ ಸುದ್ದಿ ಹೇಳೋಣ. ಈಗ ಅಲ್ಲೆ ಧಾರವಾಡದಾಗ ಆರೂವರೆ ಆಗಿರತದ" ಎಂದ. ನಾನು ಗಡಿಯಾರ ನೋಡಿದೆ. ಎರಡು ಗಂಟೆ. ಊರಲ್ಲಿ ಆರೂವರೆ, ಹುಣ್ಣಿಮೆ ಇದ್ದದ್ದು ಐದಕ್ಕೆ ಹತ್ತು ನಿಮಿಷ ಕಡಿಮೆಯ ತನಕ. ಮೆಟ್ಟಿಲು ಇಳಿಯುವ ಮುಂಚೆಯೇ ಅದು ಮುಗಿದಿತ್ತು. ಮೂವತ್ತು ವರ್ಷ ಅಜ್ಜನಿಂದ ತಪ್ಪಿದ್ದು, ಕೊನೆಗೆ ಕೈಗೆ ಬಂದ ದಿನ ನನ್ನಿಂದ ತಪ್ಪಿತ್ತು.

ಅಜ್ಜಿ ನೀರು ಸುರಿಸುತ್ತಾ ಬಂದು ನನ್ನೆದುರು ನಿಂತಳು. ಸೆರಗು ಹಿಂಡುತ್ತಾ "ಯಾಕವಾ ಕೂಸ, ಮಾರಿ ಸಣ್ಣದಾತು?" ಎಂದು ಕೇಳಿದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳ ಮುಖದ ಮೇಲೆ ಆ ನಗು ಇನ್ನೂ ಇತ್ತು. "ಹಸಿವು" ಎಂದೆ. ಅವಳು ಬುತ್ತಿ ಬಿಚ್ಚಿಸಿ, ಚಪಾತಿಯಲ್ಲಿ ಶೇಂಗಾ ಚಟ್ನಿ ಸುತ್ತಿ ನನ್ನ ಬಾಯಿಗೆ ತಾನೇ ಇಟ್ಟಳು. ಅದರಲ್ಲಿ ಉಪ್ಪುನೀರೂ ಸನ್‌ಸ್ಕ್ರೀನೂ ಸೇರಿತ್ತು, ನುಂಗಿದೆ. ಮರುದಿನ ನೋಡಿದರೆ ಗಡಿಯಾರ ಊರಿನ ಟೈಮಿಗೆ ಬಂದಿತ್ತು. ಅಪ್ಪ ತಿರುಗಿಸಿರಬೇಕೆಂದುಕೊಂಡೆ.

ಆಮೇಲೆ ನೆವಾರ್ಕಿನ ಮನೆಗೆ ಯಾರು ಬಂದರೂ ಆ ಕಥೆ ಆಗಲೇಬೇಕು. ಮೆಟ್ಟಿಲು, ಸಂಡಗಿ, ಕೆಡವಿದ ತೆರೆ. ಅಜ್ಜಿ ಹೇಳುತ್ತಿದ್ದರೆ ನಾನು ಹೋಮ್‌ವರ್ಕಿನ ನೆವ ಮಾಡಿ ರೂಮು ಸೇರುತ್ತಿದ್ದೆ. "ಹುಣ್ಣಿಮಿ ದಿವಸನ ಸಿಕ್ತೇನ್ರೀ? ಪುಣ್ಯವಂತರು ಬಿಡ್ರಿ" ಎಂದು ಯಾರಾದರೂ ಕೇಳಿದರೆ ಅವಳು "ಛಲೋ ಬಿಸಲಿತ್ತು ನೋಡ್ರಿ" ಎಂದು ಮಾತು ಮುಂದೆ ಸಾಗಿಸುತ್ತಿದ್ದಳು. ಅದು ನನಗೆ ಆಗ ಕೇಳಿಸಿದರೂ ತಿಳಿಯಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ಹೋದಳು, ಆರು ದಿನ ಮಲಗಿ, ಯಾರಿಗೂ ತೊಂದರೆ ಕೊಡದೆ. ಆ ಆರೂ ದಿನ ಪಕ್ಕದಲ್ಲಿ ಕೂತಿದ್ದೆ, ಆಗಲೂ ಹೇಳಲಿಲ್ಲ. ಹೋಗುವವಳ ಪುಣ್ಯ ಕಿತ್ತುಕೊಂಡು ನಾನು ಯಾವ ಸುಖ ಪಡಬೇಕಿತ್ತು? ಹೋದ ವರ್ಷ ಅಪ್ಪ ಅಮ್ಮ ನೆವಾರ್ಕಿನ ಮನೆ ಮಾರಿ ನಮ್ಮ ಪಕ್ಕದ ಬೀದಿಗೆ ಬಂದರು. ಕೊಂಡವರು ಅಡುಗೆಮನೆಯ ಗೋಡೆ ಒಡೆಸಿದ್ದಾರೆ, ನಾವು ಪಂಚಾಂಗ ಓದುತ್ತಿದ್ದ ಟೇಬಲ್ಲಿನ ಜಾಗದಲ್ಲಿ ಈಗ ದೊಡ್ಡದೊಂದು ಕಿಟಕಿಯಂತೆ. ಅಜ್ಜಿಯ ಪಂಚಾಂಗಗಳ ಡಬ್ಬವನ್ನು ಅಪ್ಪ ನಮ್ಮ ಗರಾಜಿಗೆ ತಂದಿಟ್ಟ. "ನಿನ್ನ ಹತ್ರ ಇರಲಿ, ಓದಲಿಕ್ಕ ಬರೂದು ನಿನಗೊಬ್ಬಾಕಿಗೇ" ಎಂದ. ಧಾರವಾಡದಲ್ಲಿ ಓದಿದ ಮನುಷ್ಯ! ಕಣ್ಣು ಒದ್ದೆಯಾಗಿದ್ದಕ್ಕೆ ಹಾಗೆ ಹೇಳಿದ. ನಾನು ಅದನ್ನು ತೆರೆದಿರಲಿಲ್ಲ. ಧೈರ್ಯವಿರಲಿಲ್ಲ, ಅಷ್ಟೇ.

ಭಾನುವಾರ ಆ ವಾಸನೆ ನನ್ನನ್ನು ಗರಾಜಿಗೆ ಕರೆದೊಯ್ದಿತು. ಈಜಿನ ಕ್ಲಾಸು ಅವತ್ತಿಗೆ ತಪ್ಪಿತು. ಡಬ್ಬದಲ್ಲಿ ದಾರ ಕಟ್ಟಿದ ಪಂಚಾಂಗಗಳು, ಮೇಲೆ ಕರವಸ್ತ್ರದಲ್ಲಿ ಸುತ್ತಿದ ಗಡಿಯಾರ. ಆ ವರ್ಷದ್ದನ್ನು ಹುಡುಕಿ ತೆಗೆದೆ. ಆಷಾಢ, ಶನಿವಾರ, ಹುಣ್ಣಿಮೆ. ಅಂಚಿನಲ್ಲಿ ಪೆನ್ಸಿಲಿನ ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು. "ಸಮುದ್ರಸ್ನಾನ ಆತು. ಪಾಡ್ಯ ಹತ್ತಿತ್ತು. ಗಡಿಯಾರ ಕೂಸು ತಿರುವ್ಯದ, ಪಾಪ, ಅದಕ್ಕ ಗೊತ್ತಾಗಬಾರದು. ನೀರು ಛಲೋ ಇತ್ತು."

ಎಷ್ಟು ಸಲ ಓದಿದೆನೋ. ಮೆಟ್ಟಿಲ ಮೇಲೆಯೇ ಅವಳಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಒಂದೊಂದೇ ಕಾಲಿಟ್ಟು ಇಳಿದಿದ್ದಳು, ಹೊತ್ತು ಇದೆ ಎಂದು ನನಗೆ ಸಮಾಧಾನ ಹೇಳಿದ್ದಳು. ಹುಟ್ಟಿದಾಗಿನಿಂದ ಬಿಡದ ನೇಮವನ್ನು ನನ್ನ ಸಲುವಾಗಿ ಮುರಿದು, ಆ ನೀರಲ್ಲಿ ಕೂತು ಬಾಯಿ ತುಂಬಾ ನಕ್ಕಿದ್ದಳು. ಒಂದೇ ಟೇಬಲ್ಲಿನ ಎದುರುಬದುರು ಕೂತು ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟು ಅಷ್ಟು ವರ್ಷ ರೊಟ್ಟಿ ತಿಂದಿದ್ದೆವು. ಮಗಳು ಬಂದು ನನ್ನ ಪಕ್ಕ ಕೂತಳು. "ಆರ್ ಯು ಕ್ರೈಯಿಂಗ್?" ಎಂದು ಕೇಳಿದಳು. ಮುತ್ತಜ್ಜಿ ಬರೆದದ್ದು ಎಂದು ಬೆರಳಿಟ್ಟು ಅವಳಿಗೆ ಓದಿ ಹೇಳಿದೆ. ತಿಥಿ, ಪಾಡ್ಯ ಅವಳಿಗೆ ಏನು ತಿಳಿಯಬೇಕು? ಸಮುದ್ರ ಎಂಬುದೊಂದು ತಿಳಿಯಿತು. ನಮ್ಮ ಕಡೆಯ ಸಮುದ್ರವನ್ನು ಬಲ್ಲವಳು, "ವಾಸ್ ಇಟ್ ಕೋಲ್ಡ್?" ಎಂದಳು.

"ಇಲ್ಲ ಪುಟ್ಟಾ" ಎಂದೆ. "ಛಲೋ ಇತ್ತಂತೆ."