ಹೊಂಡದ ದಂಡೆಯ ಅಕ್ಕೋರು

ಮೊನ್ನೆ ಬಹಳ ದಿನಗಳ ಮೇಲೆ ನಿಂಬರ್ಗಾದ ನಮ್ಮ ತೊಗರಿ ಹೊಲದ ಕೃಷಿ ಹೊಂಡಕ್ಕೆ ಹೋಗಿದ್ದೆ. ಪಾಚಿಯ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕೋರು ನೆನಪಾದರು...

ಅಕ್ಕೋರು ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ರವಿವಾರ ಬಂತೆಂದರೆ ನನ್ನನ್ನು ಎಳೆದುಕೊಂಡು ಹೊಂಡಕ್ಕೆ ಹೊರಡುವರು. ಏರೋಪ್ಲೇನ್ ಚಿಟ್ಟೆಯ ಬಳಗದ, ಸೂಜಿಯಷ್ಟು ತೆಳ್ಳಗಿನ ನೀಲಿ ಹುಳುಗಳೆಂದರೆ ಅವರಿಗೆ ಪ್ರಾಣ. ಒಮ್ಮೆ ಗಂಡೊಂದು ಬಾಲದ ತುದಿಯಿಂದ ಹೆಣ್ಣಿನ ಕುತ್ತಿಗೆ ಹಿಡಿದಿತ್ತು.

"ಗಂಡು ಬಣ್ಣ ನೋಡಿ ಬರ್ತದವ್ವಾ, ಎಷ್ಟೋ ಸಲ ಬ್ಯಾರೆ ಜಾತಿದನ್ನೂ ಹಿಡೀತದ. ಹೆಣ್ಣಿಗೆ ಆ ಹಿಡಿತದಾಗ ತಿಳೀತದ, ತನ್ನವನೋ ಅಲ್ಲೋ. ಅಲ್ಲಂದ್ರ ಕೂಡಾಕ ಮೈ ಬಗ್ಗಸೂದೇ ಇಲ್ಲ."

ಆ ಹೆಣ್ಣು ಬಗ್ಗಲಿಲ್ಲ. ಗಂಡು ಕೊನೆಗೆ ಬಿಟ್ಟು ಹೋಯಿತು. ಅಕ್ಕೋರು ಚಪ್ಪಾಳೆ ತಟ್ಟಿ ನಕ್ಕರು.

ಆ ವರ್ಷವೇ ಕೊಳಕೂರಿನ ಅವರ ಅಪ್ಪನ ಮನೆಗೆ ಅಫಜಲಪುರದ ಕಡೆಯವರು ಕನ್ಯೆ ನೋಡಲು ಬಂದರು. ಅಕ್ಕೋರು ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. "ಹುಡುಗನ ಕೂಡ ನಾಕು ಮಾತಾಡಿ ನೋಡ್ತೇನಿ. ಮನಸ್ಸಿಗೆ ಬರ್ಲಿಲ್ಲಂದ್ರ ಒಲ್ಲೆ ಅಂತೇನಿ" ಎಂದು ಬಸ್ಸಿನಲ್ಲೇ ಹೇಳಿದ್ದರು. ಮಾತಾಡಲು ಬಿಟ್ಟರೆ ತಾನೇ! ಚಹಾದ ಕಪ್ಪು ಕೆಳಗಿಡುವ ಮೊದಲೇ ಹುಡುಗನ ತಾಯಿ ಕುಬಸದ ಬಟ್ಟೆ, ಕೊಬ್ಬರಿ, ಅಕ್ಕಿ ಹಿಡಿದು ಎದ್ದಳು. ಎಲ್ಲವನ್ನೂ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು, ಪುಣ್ಯಾತ್ಗಿತ್ತಿ. "ಉಡಿ ಒಡ್ಡವ್ವಾ" ಎಂದಳು. ನಮ್ಮ ಕಡೆ ಉಡಿ ತುಂಬಿದರೆ ಸಂಬಂಧ ಗಟ್ಟಿಯಾದಂತೆಯೇ, ಮತ್ತೆ ಹುಡುಗಿಯನ್ನು ಕೇಳುವವರಿಲ್ಲ. ಅಕ್ಕೋರು ಅಪ್ಪನ ಮುಖ ನೋಡಿದರು. ಅವರು ಜಮಖಾನೆಯ ಅಂಚು ನೋಡುತ್ತಿದ್ದರು. ಹೆಂಗಸರು ಹೆಗಲ ಮೇಲೆ ಕೈಯಿಟ್ಟು ಒತ್ತಿದರು. ಅಕ್ಕೋರು ಬಗ್ಗಿದರು... ಸೆರಗು ಒಡ್ಡಿದರು. ಆ ಅಕ್ಕಿಯನ್ನೆಲ್ಲ ಅಂಗಳಕ್ಕೆ ಚೆಲ್ಲಿಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಮದುವೆಯಾದ ಮೇಲೆ ಗಂಡನ ಮನೆಯವರು ನೌಕರಿ ಬಿಡಿಸಿದರು. ಒಮ್ಮೆ ಮಾತ್ರ ನಮ್ಮ ಮನೆಗೆ ಬಂದಿದ್ದರು, ಇಳಿದು ಅರ್ಧವಾಗಿದ್ದರು. ಹೊಂಡದ ಕಡೆ ಹೋಗೋಣವೇ ಎಂದು ಕೇಳಿದೆ.

"ಬ್ಯಾಡವ್ವಾ. ಹುಳಕ್ಕಾದ್ರ ತಿಳಕೊಳ್ಳಾಕ ಹೊತ್ತರ ಸಿಗ್ತದ" ಎಂದರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಜ್ವರ ಅಂದರು...

ಮೊನ್ನೆ ಹೊಂಡದ ದಂಡೆಯ ಹುಲ್ಲಿನ ಮೇಲೆ ನೀಲಿ ಗಂಡೊಂದು ಹೆಣ್ಣಿನ ಕುತ್ತಿಗೆ ಹಿಡಿದು ಕೂತಿತ್ತು. ಎಷ್ಟು ಹೊತ್ತಾದರೂ ಹೆಣ್ಣು ಬಗ್ಗಲಿಲ್ಲ; ಬಿಡಿಸಿಕೊಂಡು ನೀರಿನ ಮೇಲೆ ಹಾರಿಹೋಯಿತು.

"ಅಕ್ಕೋರ, ಒಲ್ಲೆ ಅಂತು ನೋಡ್ರಿ!" ಎಂದು ಪಕ್ಕಕ್ಕೆ ತಿರುಗಿದೆ.

ದಂಡೆಯ ಮೇಲೆ ನಾನೊಬ್ಬಳೇ ಇದ್ದೆ.