ಹುಳಿ ಮೀನಿನ ಪುಟ

ಅವನಿಗೆ ತಿದ್ದಪ್ಪ ಎಂದು ಅಡ್ಡಹೆಸರಿಟ್ಟವರು ಯಾರೋ ಯಾರಿಗೂ ನೆನಪಿಲ್ಲ. ಇಟ್ಟವರು ಮಾತ್ರ ಆಳನ್ನು ನೋಡಿಯೇ ಇಟ್ಟಿದ್ದರು. ಒಂದು ಸಣ್ಣ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವುದು ಅವನ ಕೆಲಸ. ಮೊದಲು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ, ಆಮೇಲೆ ಕಂಪ್ಯೂಟರು ಬಂತು. ಬೆರಳಿನ ಕಪ್ಪು ಹೋಯಿತೇ ಹೊರತು ಕಣ್ಣಿನ ಚಾಳಿ ಹೋಗಲಿಲ್ಲ. ಅಂಗಡಿಯ ಬೋರ್ಡು, ಬಸ್ಸಿನ ಟಿಕೇಟು, ಔಷಧಿ ಡಬ್ಬದ ಚೀಟಿ, ಎಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವನಿಗೆ ಕಣ್ಣಿಗೆ ಕಸ ಬಿದ್ದ ಹಾಗೆ. ಒಮ್ಮೆ ಅರ್ಧ ಗಡ್ಡದ ಮೇಲೆ ನೊರೆ ಇರುವಾಗಲೇ ಕ್ಷೌರದವನನ್ನು ಬೀದಿಗೆ ಎಳೆದುಕೊಂಡು ಹೋಗಿ, ಅವನದೇ ಬೋರ್ಡಿನ ತಪ್ಪು ತೋರಿಸಿ ಬಂದಿದ್ದ.

ಅವನು ಕೆಟ್ಟವನಲ್ಲ. ಮುಂದಿನದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಕುಡಿಯುವವನಲ್ಲ, ಕೈ ಎತ್ತಿದವನಲ್ಲ, ಸಂಬಳದ ಕವರನ್ನು ಒಡೆಯದೆ ತಂದು ಹೆಂಡತಿಯ ಕೈಗೆ ಕೊಡುತ್ತಿದ್ದವನು. ಆ ಹೆಂಡತಿ ಹೋಗಿ ವರ್ಷವಾಗುತ್ತ ಬಂದಿತ್ತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಆಸ್ಪತ್ರೆ ಮುಟ್ಟುವ ಮೊದಲೇ ಇಲ್ಲವಾಗಿದ್ದಳು. ಸಾವಿನ ಕಾರ್ಡನ್ನು ಅವನೇ ಜೋಡಿಸಿದ. ಮದುವೆಯ ಕಾರ್ಡು ಬಿಟ್ಟರೆ ಅವಳ ಹೆಸರು ಅಚ್ಚಾದದ್ದು ಅದೊಂದೇ ಸಲ. ಜನ್ಮವೆಲ್ಲ ಕಂಡಕಂಡವರ ಹೆಸರು ಅಚ್ಚು ಹಾಕಿದವನಿಗೆ ಈ ಸಂಗತಿ ಒಳಗೇ ಕೊರೆಯತೊಡಗಿತು.

ಹೀಗಿರುವಾಗ ಅವರ ಕಟ್ಟಡದ ಹೆಂಗಸರ ಸಂಘ ಒಂದು ಅಡುಗೆ ಪುಸ್ತಕ ಮಾಡುವುದೆಂದು ತೀರ್ಮಾನಿಸಿತು. ತಿದ್ದಪ್ಪನ ಪಕ್ಕದ ಮನೆಯ ಟೈಲರಕ್ಕ ಅದರ ಮುಖ್ಯಸ್ಥೆ. ಕತ್ತಿನಲ್ಲಿ ಸದಾ ಅಳತೆಪಟ್ಟಿ ನೇತುಹಾಕಿಕೊಂಡಿರುವ, ಮಾತನ್ನೂ ಬಟ್ಟೆಯ ಹಾಗೆ ಕತ್ತರಿಸಿಯೇ ಆಡುವ ಹೆಂಗಸು. ಮನೆಗೊಂದು ಪುಟ, ಪುಸ್ತಕದ ಹೆಸರು 'ನಮಗಿಷ್ಟ'.

"ಅಣ್ಣಾ, ಜೋಡಿಸಿಕೊಡೋ ಕೆಲಸ ನಿಮ್ದು. ಆದ್ರೆ ಒಂದು ಮಾತು," ಎಂದಳು ಟೈಲರಕ್ಕ. "ಗಂಡನಿಗೆ ಇಷ್ಟ, ಮಕ್ಕಳಿಗೆ ಇಷ್ಟ ಅಂತ ಬರೆದು ತಂದ್ರೆ ನಾನು ವಾಪಸ್ ಕಳಿಸ್ತೀನಿ. ದಿನಾ ಒಲೆ ಮುಂದೆ ನಿಲ್ಲೋಳಿಗೆ ಏನಿಷ್ಟ, ಅದು ಮಾತ್ರ."

"ನಮ್ಮನೆ ಪುಟ?"

ಅವಳು ಕತ್ತಿನ ಅಳತೆಪಟ್ಟಿ ಸರಿಮಾಡಿಕೊಂಡಳು. "ಇರುತ್ತೆ. ಅಕ್ಕನ ಹೆಸರಲ್ಲೇ ಇರುತ್ತೆ. ಅವರಿಗೇನಿಷ್ಟ ಅಂತ ನೀವೇ ಬರೆದುಕೊಡಿ."

ಬದುಕಿರುವವರ ಹೆಸರಿನ ನಡುವೆ, ಅಳಿಸಿಹೋಗದ ಹಾಗೆ, ಅವಳ ಹೆಸರು. ತಿದ್ದಪ್ಪನಿಗೆ ಬೇಕಾದದ್ದು ಅಷ್ಟೇ. ಆ ಒಂದು ಪುಟ ಸರಿಯಾಗಿ ಬಂದರೆ ಅವಳಿಗೆ ಕೊಡಬೇಕಾಗಿದ್ದ ಏನನ್ನೋ ಕೊಟ್ಟ ಹಾಗೆ ಎಂದು ಅವನಿಗೆ ಅನ್ನಿಸಿತು. ಏನು ಬರೆಯುವುದೆಂದು ಯೋಚಿಸಲೇ ಇಲ್ಲ. ಹುಳಿ ಮೀನು. ಮೂವತ್ತು ವರ್ಷ ಒಂದು ಭಾನುವಾರವೂ ತಪ್ಪದೆ ಅವಳು ಮಾಡಿದ ಅಡುಗೆ. ಮೆಟ್ಟಿಲು ಹತ್ತುವವರು ಅವರ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಮೂಗು ಅರಳಿಸಿ ಹೋಗುತ್ತಿದ್ದರು. ಬೇರೆ ಊರಿನಲ್ಲಿದ್ದ ಅವಳ ತಂಗಿಯನ್ನು ಒಂದು ಮಾತು ಕೇಳಬಹುದಿತ್ತು. ತನ್ನ ಹೆಂಡತಿಯ ವಿಷಯ ತನಗೆ ಗೊತ್ತಿಲ್ಲದ್ದು ಅವಳಿಗೇನು ಗೊತ್ತು ಎಂದುಕೊಂಡ. ಮೂರಕ್ಷರದ ಪದಕ್ಕೂ ನಿಘಂಟು ತೆಗೆಯುವ ಮನುಷ್ಯ ಇಲ್ಲಿ ಯಾರನ್ನೂ ಕೇಳಲಿಲ್ಲ.

ಇಷ್ಟದ ಅಡುಗೆಯೇನೋ ಗೊತ್ತಿತ್ತು, ಮಾಡುವ ಬಗೆ ಗೊತ್ತಿರಲಿಲ್ಲ. ಭಾನುವಾರ ಭಾನುವಾರ ಅಡುಗೆಮನೆ ಸೇರಿದ. ಮೊದಲನೆಯದು ಹುಳಿಯೇ ಹುಳಿ. ಇನ್ನೊಂದು ಸಲ ಮೀನು ಕರಗಿ ಗಂಜಿಯಾಯಿತು. ಮತ್ತೊಮ್ಮೆ ತಳ ಹಿಡಿದು ಮನೆಯೆಲ್ಲ ಹೊಗೆ. ಟೈಲರಕ್ಕ ಬಂದು ಚಮಚದಲ್ಲಿ ನೆಕ್ಕಿ, "ಇದಲ್ಲ ಅಣ್ಣಾ," ಎಂದು ಹೋಗುತ್ತಿದ್ದಳು. ಬೆಳ್ಳುಳ್ಳಿಯನ್ನು ಕೊನೆಗೆ ಜಜ್ಜಿ ಹಾಕಬೇಕು, ಮೀನು ಬಿದ್ದಮೇಲೆ ಸೌಟು ಆಡಿಸಬಾರದು, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು ಎಂಬುದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಉಪ್ಪು ಮಾತ್ರ ಹಿಡಿತಕ್ಕೆ ಬರಲಿಲ್ಲ. ಅವಳು ಎಷ್ಟು ಹಾಕುತ್ತಿದ್ದಳು? ಆಗ ನೆನಪಾಯಿತು: ಅವಳು ರುಚಿ ನೋಡುತ್ತಲೇ ಇರಲಿಲ್ಲ. "ರೀ, ಸ್ವಲ್ಪ ಉಪ್ಪು ನೋಡಿ ಬನ್ನಿ," ಎಂದು ಅವನನ್ನೇ ಕರೆಯುತ್ತಿದ್ದಳು. ಅವನು ಪೇಪರು ಮಡಚಿಟ್ಟು ಹೋಗಿ, ಅಂಗೈ ಚಾಚಿ, ದೊಡ್ಡ ನ್ಯಾಯಾಧೀಶನ ಹಾಗೆ ಕಣ್ಣು ಮುಚ್ಚಿ ರುಚಿ ನೋಡಿ ತೀರ್ಪು ಕೊಡುತ್ತಿದ್ದ. ಎಂಥ ಪ್ರೀತಿ ಎಂದು ನೆನೆದು ಈಗ ಒಲೆಯ ಮುಂದೆ ಒಬ್ಬನೇ ಕಣ್ಣೊರೆಸಿಕೊಂಡ. ಪುಟದ ಕೊನೆಯಲ್ಲಿ ಅದನ್ನೂ ಸೇರಿಸಿದ: 'ಉಪ್ಪು ನೋಡಲು ಮನೆಯವರನ್ನು ಕರೆಯಬೇಕು.'

ಅಂತೂ ಒಂದು ಭಾನುವಾರ ಟೈಲರಕ್ಕ ಎರಡನೆಯ ಚಮಚವನ್ನೂ ಬಾಯಿಗಿಟ್ಟಳು. "ಅಕ್ಕನದೇ," ಎಂದಳು ಆಮೇಲೆ.

ಉಳಿದ ಮನೆಗಳ ಪುಟಗಳೂ ಒಂದೊಂದಾಗಿ ಬಂದವು. ಹೆಂಗಸರಿಗೆ ಅದು ಸುಲಭದ ಕೆಲಸವಾಗಿರಲಿಲ್ಲ. ನನಗೇನಿಷ್ಟ ಎಂದು ತಮ್ಮನ್ನು ತಾವೇ ಕೇಳಿಕೊಂಡು ಎಷ್ಟು ಕಾಲವಾಗಿತ್ತೋ, ಕೆಲವರು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು. ತಣ್ಣನೆಯ ಅನ್ನ, ಹಸಿ ಈರುಳ್ಳಿ, ಒಂದು ಮೆಣಸಿನಕಾಯಿ. ಬಿಸಿ ಬ್ರೆಡ್ಡಿನ ಮೇಲೆ ಸಕ್ಕರೆ. ನಾಲ್ಕನೆಯ ಮಹಡಿಯ ನರ್ಸಮ್ಮ ಬರೆದದ್ದು ಒಂದೇ ಸಾಲು: ಬೇರೆ ಯಾರಾದರೂ ಮಾಡಿಕೊಟ್ಟ ಚಹಾ. ತಿದ್ದಪ್ಪ ಅವರ ಕಾಗುಣಿತವನ್ನೆಲ್ಲ ತಿದ್ದಿದ. ಇವೂ ಒಂದು ಅಡುಗೆಯೇ ಎಂದು ಮನಸ್ಸಿನಲ್ಲೇ ಮೂಗು ಮುರಿದ. ಇಡೀ ಪುಸ್ತಕದಲ್ಲಿ ಹಬ್ಬದೂಟದಂಥದ್ದು ತನ್ನ ಹೆಂಡತಿಯದೊಂದೇ ಎಂದು ಹೆಮ್ಮೆಪಟ್ಟ. ಅದೊಂದೇ ಯಾಕೆ ಹಾಗಿದೆ ಎಂದು ಆ ಹದ್ದಿನ ಕಣ್ಣಿಗೆ ಹೊಳೆಯಲಿಲ್ಲ.

ಪುಸ್ತಕ ಬಿಡುಗಡೆ ಕಟ್ಟಡದ ತಾರಸಿಯ ಮೇಲೆ. ಟೈಲರಕ್ಕ ಅದಕ್ಕೂ ಒಂದು ನಿಯಮ ಮಾಡಿದ್ದಳು: ಪ್ರತಿ ಮನೆಯವರೂ ಬೇರೆ ಮನೆಯ ಪುಟವನ್ನು ಮೊದಲೇ ತರಿಸಿಕೊಂಡು, ನೋಡಿ ಅಡುಗೆ ಮಾಡಿ ತರಬೇಕು. ತಣ್ಣನೆಯ ಅನ್ನ, ಈರುಳ್ಳಿ ಹೊತ್ತುಕೊಂಡು ಮೇಲೆ ಹತ್ತುವವರು ಯಾರು? ಹೋದವಳ ಮೇಲಿನ ಪ್ರೀತಿಯೂ ಸೇರಿ ಅರ್ಧಕ್ಕರ್ಧ ಮನೆಗಳಲ್ಲಿ ಹುಳಿ ಮೀನು ಕುದಿಯಿತು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು, ಗೋಡೆ, ಒಣಹಾಕಿದ ಬಟ್ಟೆ ಎಲ್ಲಕ್ಕೂ ಮೀನಿನ ವಾಸನೆ ಹತ್ತಿತ್ತು. ತಾರಸಿಯ ಮೇಲೆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಉಪ್ಪಿನ ಸಾಲು ಓದಿ ಹೆಂಗಸರು ನಕ್ಕರು, ಒಬ್ಬಿಬ್ಬರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಒಂದೇ ಒಂದು ತಪ್ಪಿಲ್ಲ ಕಣಣ್ಣಾ, ಹುಡುಕಿ ಹುಡುಕಿ ಸಾಕಾಯ್ತು," ಎಂದಳು ಟೈಲರಕ್ಕ. ತಿದ್ದಪ್ಪನ ಎದೆ ತುಂಬಿ ಬಂತು.

ಬೇರೆ ಊರಿನ ನಾದಿನಿಗೂ ಆಮಂತ್ರಣದ ಕಾರ್ಡು ಹೋಗಿತ್ತು. ಬಸ್ಸು ತಡವಾಗಿರಬೇಕು ಎಂದುಕೊಂಡು ನೋಡಲು ಕೆಳಗಿಳಿದ. ಅವಳು ಬಂದಾಗಿತ್ತು. ನೆಲಮಹಡಿಯ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲಲ್ಲೇ ಯಾರೋ ಕೊಟ್ಟ ಪುಸ್ತಕ ತೊಡೆಯ ಮೇಲೆ ತೆರೆದಿತ್ತು.

"ಇದೇನಮ್ಮಾ, ಇಲ್ಲೇ ಕೂತುಬಿಟ್ಟೆ. ಮೇಲೆ ಬಾ."

"ಬರ್ತೀನಿ ಭಾವ. ಈ ವಾಸನೆಗೆ ಸ್ವಲ್ಪ ತಡೀಬೇಕು." ಅವಳು ಪುಟದ ಮೇಲೆ ಬೆರಳಿಟ್ಟಳು. "ಇದನ್ನ ಯಾರು ಬರೆದಿದ್ದು?"

"ನಾನೇ. ಯಾಕೆ, ಏನಾದ್ರೂ ತಪ್ಪಿದೆಯಾ?"

ಅವಳು ಹೇಳಬೇಕೋ ಬೇಡವೋ ಎಂದು ತೂಗಿ ನೋಡುತ್ತಿದ್ದಳು. ಅವಳಾದರೂ ಸುಮ್ಮನಿದ್ದುಬಿಡಬಹುದಿತ್ತು ಎಂದು ಈ ಕಥೆ ಕೇಳಿದವರು ಹೇಳುವುದುಂಟು. ಆದರೆ ಸತ್ತವಳು ಅವಳ ಒಡಹುಟ್ಟಿದವಳು.

"ಅಕ್ಕನಿಗೆ ಮೀನು ಅಂದ್ರೆ ಆಗ್ತಿರಲಿಲ್ಲ ಭಾವ. ಚಿಕ್ಕೋಳಿಂದಾನೂ. ವಾಸನೆಗೇ ಹೊಟ್ಟೆ ತೊಳಸೋದು."

"ಏನು ಹೇಳ್ತಿದೀಯ? ವಾರವಾರವೂ ಮಾಡ್ತಿದ್ದಳು."

"ಮಾಡ್ತಿದ್ದಳು. ತಿಂದಿದ್ದು ನೋಡಿದೀರಾ?"

ತಿದ್ದಪ್ಪನಿಗೆ ಹೆಂಡತಿ ಬಡಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ನನಗೆ ಹಸಿವಿಲ್ಲ, ಆಮೇಲೆ ಉಣ್ಣುತ್ತೇನೆ ಎನ್ನುತ್ತಿದ್ದದ್ದು ಬಂತು. ಭಾನುವಾರ ಊಟವಾದ ಮೇಲೆ ತಲೆಗೆ ನೀರು ಹಾಕಿಕೊಂಡು, ಕಿಟಕಿಯ ಹತ್ತಿರ ನಿಂತು, ಚಹಾದಲ್ಲಿ ಒಣ ಬ್ರೆಡ್ಡು ಅದ್ದುತ್ತಿದ್ದದ್ದು ಬಂತು. ಎಷ್ಟು ಚೊಕ್ಕ ಹೆಂಗಸು ಎಂದು ಅವನು ನಾಲ್ಕು ಜನರ ಮುಂದೆ ಹೊಗಳಿದ್ದ. ಉಪ್ಪು ನೋಡಿ ಬನ್ನಿ ಎಂದು ಕರೆಯುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ನಾಲಿಗೆಗೆ ಮುಟ್ಟಿಸಿಕೊಳ್ಳಲಾರದೆ ಕರೆಯುತ್ತಿದ್ದಳು. ಮೇಲೆ ತಾರಸಿಯಲ್ಲಿ ಹೆಂಗಸರು ಅದನ್ನೇ ಓದಿ ನಗುತ್ತಿದ್ದರು.

"ನನಗೆ ಯಾಕೆ ಹೇಳಲಿಲ್ಲ?"

"ನಾನೂ ಕೇಳಿದ್ದೆ. 'ತಟ್ಟೆ ಬಳಿದುಕೊಂಡು ತಿಂತಾರೆ ಕಣೇ, ಹೇಳೋಕೆ ಬಾಯಿ ಬರಲ್ಲ' ಅಂದಳು. ಮೊದಲನೇ ವರ್ಷ ಅಂದಿದ್ದು. ಆಮೇಲೆ ನಾನು ಕೇಳಲಿಲ್ಲ."

"ಮತ್ತೆ ಅವಳಿಗೆ ಏನಿಷ್ಟ ಇತ್ತು?"

ನಾದಿನಿ ಪುಸ್ತಕ ಮುಚ್ಚಿದಳು. "ಮದುವೆಗೆ ಮುಂಚೆ ಏನೇನೋ ಇತ್ತು. ಅದೆಲ್ಲ ಹುಡುಗಾಟದ ವಯಸ್ಸಿನ ಮಾತು. ಆಮೇಲಿಂದು ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ, ಭಾವ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಹಾಗೆಂದುಕೊಂಡಿದ್ದಳು. ಅದೇ ಅವನಿಗೆ ಹೆಚ್ಚು ನಾಟಿತು. ಅಷ್ಟರಲ್ಲಿ ಮೇಲಿನಿಂದ ಟೈಲರಕ್ಕ ಕೂಗಿದಳು. ಅವನು ಹತ್ತಿಹೋದ. ಮನೆಮನೆಯವರೂ ಅವನ ತಟ್ಟೆಗೆ ಹುಳಿ ಮೀನು ಬಡಿಸಿದರು. ಹೇಗಿದೆ ಹೇಗಿದೆ ಎಂದು ಕೇಳಿದರು. ಪುಟದಲ್ಲಿ ಅಳತೆ ಅಷ್ಟು ಸರಿಯಾಗಿತ್ತು, ಎಲ್ಲರದೂ ಅವಳ ಕೈಯಡುಗೆಯಂತೆಯೇ ಇತ್ತು. ಚೆನ್ನಾಗಿದೆ ಎಂದು ತಲೆಯಾಡಿಸಿದ. ನಾಚಿಕೆಗೇಡಿನ ಸಂಗತಿಯೆಂದರೆ ಚೆನ್ನಾಗಿಯೇ ಇತ್ತು, ಅವನ ನಾಲಿಗೆ ಇನ್ನೂ ಬೇಕೆಂದಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರೆಸ್ಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಅದಕ್ಕೆ ಒಂದು ದಾರಿಯಿದೆ. ಸಣ್ಣ ಚೀಟಿಯೊಂದನ್ನು ಅಚ್ಚುಹಾಕಿ ಪುಸ್ತಕದ ಕೊನೆಗೆ ಅಂಟಿಸುತ್ತಾರೆ, ಅದಕ್ಕೆ ಒಪ್ಪೋಲೆ ಎನ್ನುತ್ತಾರೆ. ತನ್ನ ಕೆಲಸಕ್ಕೆ ತಾನೇ ಒಪ್ಪೋಲೆ ಹಾಕುವ ಗತಿ ತಿದ್ದಪ್ಪನಿಗೆ ಅದುವರೆಗೆ ಬಂದಿರಲಿಲ್ಲ. ಗೆರೆ ಎಳೆದ. ಪುಟ, ಸಾಲು, ತಪ್ಪು, ಒಪ್ಪು ಎಂದು ಮೇಲೆ ಬರೆದ. ಪುಟದ ಸಂಖ್ಯೆ ಹಾಕಿದ, ಸಾಲು ಹಾಕಿದ. ತಪ್ಪು ಎಂಬುದರ ಕೆಳಗೆ ಹುಳಿ ಮೀನು ಎಂದು ಟೈಪು ಮಾಡಿದ.

ಆಮೇಲೆ ಮದುವೆಯಾಗಿ ಹೋದ ಮಗಳಿಗೆ ಫೋನು ಮಾಡಿದ.

"ನಿಮ್ಮಮ್ಮನಿಗೆ ತಿನ್ನೋಕೆ ಏನಿಷ್ಟ ಇತ್ತಮ್ಮಾ?"

"ಇದೇನಪ್ಪಾ ಬೆಳಬೆಳಿಗ್ಗೆ," ಎಂದಳು ಮಗಳು. "ಹುಳಿ ಮೀನು ಅಲ್ವಾ?"

ಹೌದಮ್ಮಾ ಎಂದು ಅವನು ಫೋನು ಇಟ್ಟ. ಪ್ರೆಸ್ಸಿನ ಹುಡುಗರು ಒಬ್ಬೊಬ್ಬರೇ ಬಂದರು, ಯಂತ್ರ ಶುರುವಾಯಿತು, ಯಾರೋ ಚಹಾ ತಂದಿಟ್ಟು ಹೋದರು. ತಿದ್ದಪ್ಪ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು, ಒಪ್ಪು ಎಂಬುದರ ಕೆಳಗೆ ಹಾಕಲು ಒಂದು ಪದ ಸಿಗದೆ ಕೂತೇ ಇದ್ದ.